ನಾವು ಹೊರಟದ್ದು ಅವರಿಗೆ ಹೇಗೆ ಗೊತ್ತಾಗುತ್ತದೆ? ದೇಶ ಬಿಟ್ಟು ಹೊರಡುವವರ ದಾಖಲೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬರುವ ಅಪ್ಪ ಅಮ್ಮಂದಿರು, ಗಲ್ಫ್‌ನಲ್ಲಿ ದುಡಿಯುವ ಕರಾವಳಿಯವರು, ಆಫೀಸ್ ಕೆಲಸಕ್ಕೆ ಯುರೋಪ್ ಸುತ್ತುವ ಬೆಂಗಳೂರಿನವರು, ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. ಒಂದು ದೇಶದೊಳಗೆ ಹೋಗುವಾಗ ಸಾಲಿನಲ್ಲಿ ನಿಲ್ಲಿಸುತ್ತಾರೆ, ಬೆರಳಚ್ಚು ತೆಗೆದುಕೊಳ್ಳುತ್ತಾರೆ, ನೂರೆಂಟು ಪ್ರಶ್ನೆ ಕೇಳುತ್ತಾರೆ. ಹೊರಡುವಾಗ ಏನು ನಡೆಯುತ್ತದೆ ಅನ್ನೋದು ಮಾತ್ರ ಬಹಳ ಜನಕ್ಕೆ ಸ್ಪಷ್ಟವಿಲ್ಲ. ಆದರೆ ಮುಂದಿನ ಸಲ ವೀಸಾ ಸಿಗುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ಈ ಹೊರಟ ದಾಖಲೆಯ ಮೇಲೆ ನಿಂತಿರುತ್ತದೆ. ಅಮೆರಿಕದ ಬಗ್ಗೆ ಇಲ್ಲಿ ಜಾಸ್ತಿ ಬರೆದಿದ್ದೇನೆ. ಗೊಂದಲ ಜಾಸ್ತಿ ಇರುವುದು ಅಲ್ಲೇ.

ಅಮೆರಿಕದಿಂದ ಹೊರಡುವಾಗ ಇಮಿಗ್ರೇಷನ್ ಕೌಂಟರೇ ಸಿಗಲಿಲ್ಲ. ಪಾಸ್‌ಪೋರ್ಟಿಗೆ ಸೀಲೂ ಬೀಳಲಿಲ್ಲ. ನಾವು ಹೊರಟದ್ದು ಅವರಿಗೆ ಗೊತ್ತಾಗಿದೆಯಾ?

ಗೊತ್ತಾಗಿದೆ. ನಿಮ್ಮ ಏರ್‌ಲೈನ್ ಹೇಳಿದೆ.

ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಹೊರಡುವವರಿಗೆ ಇಮಿಗ್ರೇಷನ್ ಕೌಂಟರ್ ಇಲ್ಲ. ಚೆಕ್-ಇನ್, ಸೆಕ್ಯುರಿಟಿ, ಗೇಟ್, ವಿಮಾನ, ಅಷ್ಟೇ. ನಮ್ಮ ಕೆಂಪೇಗೌಡ ನಿಲ್ದಾಣದಲ್ಲಿ ಸೀಲ್ ಹಾಕಿಸಿಕೊಂಡು ಹೋದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಎಲ್ಲೋ ಒಂದು ಕೌಂಟರ್ ತಪ್ಪಿಸಿಕೊಂಡು ಬಂದೆವಾ ಎಂದು ವಿಮಾನ ಹತ್ತಿದ ಮೇಲೂ ಗಾಬರಿ ಪಡುವವರಿದ್ದಾರೆ. ಗಾಬರಿ ಬೇಡ, ನೀವು ಏನನ್ನೂ ತಪ್ಪಿಸಿಕೊಂಡಿಲ್ಲ. ಅಲ್ಲಿನ ಪದ್ಧತಿಯೇ ಹಾಗೆ. ಕೆನಡಾ ಮತ್ತು ಬ್ರಿಟನ್‌ನಲ್ಲೂ ಹೊರಡುವಾಗ ಸೀಲ್ ಹಾಕುವ ಕೌಂಟರ್ ಇಲ್ಲ.

ಏರ್‌ಲೈನ್ ಏನೇನು ಕಳಿಸುತ್ತದೆ? ಯಾವಾಗ ಕಳಿಸುತ್ತದೆ?

ಚೆಕ್-ಇನ್ ಕೌಂಟರಿನಲ್ಲಿ ನಿಮ್ಮ ಪಾಸ್‌ಪೋರ್ಟ್ ತೆಗೆದುಕೊಂಡು ಯಂತ್ರಕ್ಕೆ ಉಜ್ಜುತ್ತಾರಲ್ಲ, ಕೆಲಸ ಶುರುವಾಗುವುದು ಅಲ್ಲಿಂದ. ಫೋಟೋ ಇರುವ ಪುಟದ ಕೆಳಗೆ ಎರಡು ಸಾಲು ಇದೆ ನೋಡಿ. ಒಂದೊಂದರಲ್ಲೂ 44 ಅಕ್ಷರ, ನಡುನಡುವೆ ಬಾಣದ ಮೊನೆಯಂಥ ಗುರುತುಗಳು. ಹೆಸರು, ಪಾಸ್‌ಪೋರ್ಟ್ ನಂಬರ್, ಯಾವ ದೇಶದವರು, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ, ಎಲ್ಲವೂ ಆ ಎರಡು ಸಾಲಿನಲ್ಲೇ ಇದೆ. ಯಂತ್ರ ಓದುವುದು ಅದನ್ನೇ. ಇದರ ಜೊತೆಗೆ ಫ್ಲೈಟ್ ನಂಬರ್ ಮತ್ತು ಟಿಕೆಟ್ ಬುಕಿಂಗ್ ಸಂಖ್ಯೆ ಸೇರಿಸಿ ಏರ್‌ಲೈನ್ ಅಮೆರಿಕದ ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಇಲಾಖೆಗೆ ಕಳಿಸುತ್ತದೆ. ಈ ಇಲಾಖೆಯನ್ನು ಎಲ್ಲರೂ ಸಿಬಿಪಿ ಅಂತಲೇ ಕರೆಯುವುದು.

ಪಟ್ಟಿ ವಿಮಾನದ ಬಾಗಿಲು ಮುಚ್ಚುವ ಮೊದಲೇ ಹೋಗಿರಬೇಕು. ವಿಮಾನ ಹೊರಟ 30 ನಿಮಿಷದೊಳಗೆ ಇನ್ನೊಂದು ಸಂದೇಶ ಹೋಗಬೇಕು, ನಿಜಕ್ಕೂ ಯಾರು ಹತ್ತಿದರು ಎಂದು. ಚೆಕ್-ಇನ್ ಮಾಡಿ ಆಮೇಲೆ ಹೋಗದೇ ಉಳಿದವರನ್ನು ಬೇರೆ ಮಾಡುವುದು ಈ ಎರಡನೇ ಸಂದೇಶ. ಅದನ್ನು ನೀವು ಬಂದ ದಿನದ ದಾಖಲೆ ಜೊತೆ ಕಂಪ್ಯೂಟರ್ ಹೊಂದಿಸುತ್ತದೆ. ಎರಡೂ ಸೇರಿದರೆ ನಿಮ್ಮ ಲೆಕ್ಕ ಮುಗಿಯಿತು.

ಅಂದರೆ ಸರ್ಕಾರ ನಿಮ್ಮನ್ನು ಕಣ್ಣಾರೆ ನೋಡಿ ಕಳಿಸಿಲ್ಲ. ಇನ್ನೊಬ್ಬರು ಕೊಟ್ಟ ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕಿದೆ. ಇದೊಂದು ಮಾತು ನೆನಪಿಟ್ಟುಕೊಂಡರೆ ಮುಂದಿನ ಉತ್ತರಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಅಷ್ಟು ದೊಡ್ಡ ದೇಶ, ಒಂದು ಕೌಂಟರ್ ಇಡೋಕೆ ಏನು ಕಷ್ಟ?

ಕಟ್ಟಡವೇ ಅಡ್ಡ. ಅಲ್ಲಿನ ವಿಮಾನ ನಿಲ್ದಾಣಗಳನ್ನು ಕಟ್ಟುವಾಗ ವಿದೇಶಕ್ಕೆ ಹೊರಡುವವರನ್ನು ಒಳನಾಡಿನ ಪ್ರಯಾಣಿಕರಿಂದ ಬೇರೆ ಮಾಡುವ ಜಾಗ ಬಿಟ್ಟಿರಲಿಲ್ಲ. ಚಿಕಾಗೋದಿಂದ ಡೆನ್ವರ್‌ಗೆ ಹೋಗುವವರೂ ಲಂಡನ್‌ಗೆ ಹೋಗುವವರೂ ಒಂದೇ ಸೆಕ್ಯುರಿಟಿ ದಾಟಿ ಬರುತ್ತಾರೆ. ಮಧ್ಯೆ ಕೌಂಟರ್ ಇಟ್ಟರೆ ಯಾರನ್ನು ನಿಲ್ಲಿಸುವುದು, ಯಾರನ್ನು ಬಿಡುವುದು?

ಕಾನೂನು ಇರಲಿಲ್ಲ ಎಂದಲ್ಲ. ಬಂದವರ, ಹೋದವರ ಲೆಕ್ಕ ಎರಡೂ ಇಡಬೇಕು ಎಂದು ಅಲ್ಲಿನ ಸಂಸತ್ತು 1996ರಲ್ಲೇ ಹೇಳಿತ್ತು. 2001ರ ಸೆಪ್ಟೆಂಬರ್ 11ರ ದಾಳಿ ಮಾಡಿದವರಲ್ಲಿ ಕೆಲವರು ವೀಸಾ ಅವಧಿ ಮೀರಿ ಉಳಿದವರು ಎಂದು ಗೊತ್ತಾದ ಮೇಲೆ ಒತ್ತಡ ಹೆಚ್ಚಿತು. 2004ರ ಜನವರಿಯಿಂದ ಬರುವವರ ಬೆರಳಚ್ಚು, ಫೋಟೋ ತೆಗೆಯುವುದು ಶುರುವಾಯಿತು. ಹೋಗುವವರಿಗಾಗಿ ಕೆಲವು ನಿಲ್ದಾಣಗಳಲ್ಲಿ ಯಂತ್ರಗಳನ್ನಿಟ್ಟು ಪ್ರಯೋಗ ಮಾಡಿದರು, 2007ರಲ್ಲಿ ನಿಲ್ಲಿಸಿದರು. ಹೀಗೆ ಒಳಬಾಗಿಲಿಗೆ ಕಾವಲು ಬಂತು, ಹೊರಬಾಗಿಲು ಬಹಳ ವರ್ಷ ಏರ್‌ಲೈನ್ ಪಟ್ಟಿಯ ಮೇಲೇ ನಡೆಯಿತು.

2013ಕ್ಕೆ ಮೊದಲು ಹೋದವರಿಗೆ ಬಿಳಿ ಕಾರ್ಡ್ ನೆನಪಿರಬಹುದು. ಅದೇ ಐ-94, ಬಂದದ್ದು ಹೋದದ್ದನ್ನು ಬರೆದಿಡುವ ದಾಖಲೆ. ಬಂದಾಗ ಅದರ ಒಂದು ತುಂಡನ್ನು ಪಾಸ್‌ಪೋರ್ಟಿಗೆ ಪಿನ್ ಮಾಡಿ ಕೊಡುತ್ತಿದ್ದರು, ಹೊರಡುವಾಗ ಏರ್‌ಲೈನ್‌ನವರು ಕಿತ್ತು ಇಟ್ಟುಕೊಳ್ಳುತ್ತಿದ್ದರು. ಅವರು ಕಿತ್ತುಕೊಳ್ಳಲು ಮರೆತು ಕಾರ್ಡ್ ನಿಮ್ಮ ಜೊತೆ ಊರಿಗೆ ಬಂದರೆ, ನೀವು ಇನ್ನೂ ಅಮೆರಿಕದಲ್ಲೇ ಇದ್ದೀರಿ ಎಂದು ಲೆಕ್ಕ. ಆಗ ಆ ಕಾರ್ಡನ್ನು, ಹೊರಟದ್ದಕ್ಕೆ ಪುರಾವೆ ಸೇರಿಸಿ, ಕೆಂಟಕಿ ರಾಜ್ಯದ ಲಂಡನ್ ಎಂಬ ಪುಟ್ಟ ಊರಿನ ಕಚೇರಿಗೆ ಪೋಸ್ಟ್ ಮಾಡಬೇಕಿತ್ತು. 2013ರಿಂದ ವಿಮಾನ ಮತ್ತು ಹಡಗಿನಲ್ಲಿ ಬರುವವರಿಗೆ ಕಾರ್ಡ್ ನಿಂತಿತು. ಈಗ ಐ-94 ಇರುವುದು ಕಂಪ್ಯೂಟರಿನಲ್ಲಿ.

ಗೇಟ್ ಹತ್ತಿರ ಕ್ಯಾಮೆರಾ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಅದೇನು?

ಅದೇ ಹೊಸ ಹೊರಬಾಗಿಲು. ಆ ವಿಮಾನದಲ್ಲಿ ಹೋಗುವವರ ಪಟ್ಟಿ ಮೊದಲೇ ಬಂದಿರುತ್ತದೆಯಲ್ಲ, ಅವರ ಪಾಸ್‌ಪೋರ್ಟ್, ವೀಸಾ ಫೋಟೋಗಳನ್ನು ಸಿಬಿಪಿ ಒಂದು ಕಡೆ ಸೇರಿಸಿ ಇಟ್ಟಿರುತ್ತದೆ. ಗೇಟಿನಲ್ಲಿ ತೆಗೆದ ಫೋಟೋ ಅದರಲ್ಲಿ ಯಾರಿಗೆ ಹೊಂದುತ್ತದೆ ಎಂದು ನೋಡುತ್ತದೆ. 2016ರಲ್ಲಿ ಅಟ್ಲಾಂಟಾದಲ್ಲಿ ಇದರ ಪ್ರಯೋಗ ಶುರುವಾಗಿತ್ತು. 2025ರ ಡಿಸೆಂಬರ್ 26ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಅಮೆರಿಕದ ಪ್ರಜೆಗಳಲ್ಲದ ಯಾರದ್ದೇ ಆಗಲಿ, ಬರುವಾಗಲೂ ಹೋಗುವಾಗಲೂ ಮುಖದ ಫೋಟೋ ತೆಗೆಯಬಹುದು. ಮೊದಲು 14 ತುಂಬದ ಮಕ್ಕಳಿಗೆ, 79 ದಾಟಿದ ಹಿರಿಯರಿಗೆ ವಿನಾಯಿತಿ ಇತ್ತು. ಅದು ಹೋಗಿದೆ. ಹಾಗಾಗಿ ಅಜ್ಜಿಯನ್ನೂ ಮೊಮ್ಮಗುವನ್ನೂ ನಿಲ್ಲಿಸಿದರೆ ಗಾಬರಿಯಾಗಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೂ ಇದು ಅನ್ವಯ. ಅಮೆರಿಕದ ಪ್ರಜೆಗಳು ಮಾತ್ರ ಬೇಡ ಅನ್ನಬಹುದು.

ಬೆಂಗಳೂರಿನವರು ಗಮನಿಸಬೇಕಾದ ವಿಷಯ ಒಂದಿದೆ. ಈ ಕ್ಯಾಮೆರಾಗಳಿಗೆ ಹಣ ಎಲ್ಲಿಂದ ಬಂತು? 2015ರ ಡಿಸೆಂಬರ್‌ನಲ್ಲಿ ಅಲ್ಲಿ ಒಂದು ಕಾನೂನು ಪಾಸಾಯಿತು. ಅಮೆರಿಕದಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದು, ಅರ್ಧಕ್ಕಿಂತ ಜಾಸ್ತಿ ಜನ ಎಚ್-1ಬಿ ಅಥವಾ ಎಲ್-1 ಎಂಬ ಕೆಲಸದ ವೀಸಾದಲ್ಲಿರುವ ಕಂಪನಿಗಳು ಪ್ರತಿ ಹೊಸ ಎಚ್-1ಬಿ ಅರ್ಜಿಗೆ 4,000 ಡಾಲರ್, ಎಲ್-1 ಅರ್ಜಿಗೆ 4,500 ಡಾಲರ್ ಹೆಚ್ಚುವರಿ ಕಟ್ಟಬೇಕು ಎಂದಿತು. ಅದರ ಅರ್ಧ ಪಾಲನ್ನು, ಒಟ್ಟು 100 ಕೋಟಿ ಡಾಲರ್ ತನಕ, ಹೊರಡುವವರನ್ನು ಗುರುತಿಸುವ ವ್ಯವಸ್ಥೆಗೆ ಎತ್ತಿಟ್ಟರು. ಅಂಥ ಕಂಪನಿಗಳು ಬಹುಪಾಲು ಭಾರತದ ಐಟಿ ಸೇವಾ ಕಂಪನಿಗಳೇ. ನಮ್ಮ ಹುಡುಗರ ವೀಸಾ ಶುಲ್ಕದಲ್ಲಿ ಎದ್ದ ವ್ಯವಸ್ಥೆ ಇದು ಎಂದರೆ ತಪ್ಪಲ್ಲ.

ನಮ್ಮ ದಾಖಲೆಯನ್ನು ನಾವೇ ನೋಡಬಹುದಾ?

ನೋಡಬಹುದು, ನೋಡಲೇಬೇಕು. ಸಿಬಿಪಿಯ ಐ-94 ವೆಬ್‌ಸೈಟಿನಲ್ಲಿ ಹೆಸರು, ಹುಟ್ಟಿದ ತಾರೀಖು, ಪಾಸ್‌ಪೋರ್ಟ್ ನಂಬರ್ ಕೊಟ್ಟರೆ ಪ್ರಯಾಣದ ಇತಿಹಾಸ ಬರುತ್ತದೆ. ದುಡ್ಡು ಕೊಡಬೇಕಿಲ್ಲ. ಹಣ ಕೇಳುವ ನಕಲಿ ವೆಬ್‌ಸೈಟ್‌ಗಳಿವೆ. ಹಾಗಾಗಿ ವಿಳಾಸದಲ್ಲಿ ಅಮೆರಿಕ ಸರ್ಕಾರದ ಗುರುತಾದ ಡಾಟ್ ಗವ್ ಇದೆಯಾ ನೋಡಿಕೊಳ್ಳಿ.

ಎರಡು ಸಲ ನೋಡಿ. ಅಮೆರಿಕದಲ್ಲಿ ಇಳಿದ ಒಂದೆರಡು ದಿನದಲ್ಲಿ ಮೊದಲ ಸಲ. ಎಷ್ಟು ದಿನ ಇರಬಹುದು ಎಂಬುದನ್ನು ಹೇಳುವುದು ಐ-94ರಲ್ಲಿರುವ ತಾರೀಖು. ಪಾಸ್‌ಪೋರ್ಟಿನಲ್ಲಿರುವ ವೀಸಾ ಚೀಟಿಯ ತಾರೀಖಲ್ಲ. ಹತ್ತು ವರ್ಷದ ವೀಸಾ ಇದೆ, ಇನ್ನೂ ಎಂಟು ವರ್ಷ ಬಾಕಿ ಇದೆ ಎಂದುಕೊಂಡು, ಐ-94ರಲ್ಲಿ ಕೊಟ್ಟ ಆರು ತಿಂಗಳು ದಾಟಿಸಿ ಕೂತವರು ಸಿಕ್ಕಿಬೀಳುವುದು ಇಲ್ಲೇ. ಊರಿಗೆ ಬಂದು ಒಂದೆರಡು ವಾರವಾದ ಮೇಲೆ ಎರಡನೇ ಸಲ ನೋಡಿ, ಹೊರಟದ್ದು ದಾಖಲಾಗಿದೆಯಾ ಅಂತ. ದಾಖಲಾಗಿದ್ದರೆ ಆ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಅಮ್ಮನ ಹೆಸರು ಹಾಕಿದರೆ ಏನೂ ಸಿಗುತ್ತಿಲ್ಲ. ಯಾಕೆ?

ನಮ್ಮ ಕಡೆಯವರಿಗೆ ಇದು ತೀರಾ ಸಾಮಾನ್ಯ. ನಮ್ಮ ಹಿರಿಯರಲ್ಲಿ ಬಹಳ ಜನಕ್ಕೆ ಸರ್‌ನೇಮ್ ಎಂಬುದಿಲ್ಲ. ಊರಿನ ಅಥವಾ ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಕೊಟ್ಟ ಹೆಸರಿನ ಜಾಗದಲ್ಲಿ ಲಕ್ಷ್ಮಮ್ಮ ಎಂದಷ್ಟೇ ಇರುತ್ತದೆ ಅಂದುಕೊಳ್ಳಿ. ಅಮೆರಿಕದ ವೀಸಾದಲ್ಲಿ ಅದು ತಿರುಗುಮುರುಗು ಆಗುತ್ತದೆ. ಲಕ್ಷ್ಮಮ್ಮ ಎಂಬುದು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರು ಅಕ್ಷರ ಬರುತ್ತವೆ, ಮೊದಲ ಹೆಸರು ಗೊತ್ತಿಲ್ಲ ಎಂಬ ಅರ್ಥದಲ್ಲಿ. ಐ-94ರಲ್ಲಿ ಹುಡುಕುವಾಗಲೂ ಹಾಗೇ ಹಾಕಿ ನೋಡಬೇಕು. ಸಿಗದಿದ್ದರೆ ಪಾಸ್‌ಪೋರ್ಟಿನಲ್ಲಿರುವಂತೆ ಹಾಕಿ. ಅದೂ ಆಗದಿದ್ದರೆ ಎರಡೂ ಹೆಸರು ಅದಲುಬದಲು ಮಾಡಿ.

ಒಂಟಿ ಹೆಸರಿನ ಗೋಳು ಅಮೆರಿಕಕ್ಕೆ ಮಾತ್ರ ಅಲ್ಲ. 2022ರ ನವೆಂಬರ್ 21ರಿಂದ ಯುಎಇ ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದನ್ನು ನಿಲ್ಲಿಸಿತು. ಪಾಸ್‌ಪೋರ್ಟ್ ಹೊಸದಾಗಿ ಮಾಡಿಸುವ ಅವಕಾಶ ಬಂದಾಗ ಅಮ್ಮ ಅಪ್ಪಂದಿರ ಹೆಸರನ್ನು ಎರಡು ಭಾಗ ಮಾಡಿಸಿಬಿಡಿ ಎಂಬುದು ನನ್ನ ಸಲಹೆ. ಅದು ಅವರ ಹೆಸರು, ಅದನ್ನು ಬೇರೆಯವರ ಫಾರ್ಮಿಗೆ ಒಗ್ಗಿಸಬೇಕಾಗಿ ಬಂದದ್ದು ಬೇಸರದ ಸಂಗತಿ, ನಿಜ. ಆದರೆ ಗಡಿಯಲ್ಲಿ ನಿಂತು ಕಷ್ಟಪಡುವವರೂ ಅವರೇ ಅಲ್ವಾ.

ಇನ್ನೊಂದು ಕಾರಣವೂ ಇರಬಹುದು. ಅಮೆರಿಕದಲ್ಲಿದ್ದಾಗಲೇ ಭಾರತದ ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ನವೀಕರಿಸಿದ್ದರೆ, ಬಂದದ್ದು ಹಳೆ ನಂಬರಿನಲ್ಲಿ, ಹೊರಟದ್ದು ಹೊಸ ನಂಬರಿನಲ್ಲಿ. ಹೆಸರು, ಹುಟ್ಟಿದ ತಾರೀಖು ನೋಡಿ ಕಂಪ್ಯೂಟರ್ ಸಾಮಾನ್ಯವಾಗಿ ಹೊಂದಿಸುತ್ತದೆ. ಹೊಂದದೇ ಉಳಿಯುವುದೂ ಉಂಟು. ಎರಡೂ ಪಾಸ್‌ಪೋರ್ಟ್ ಯಾವಾಗಲೂ ಜೊತೆಯಲ್ಲಿರಲಿ.

ಹೊರಟದ್ದು ದಾಖಲಾಗದೇ ಇದ್ದರೆ ಏನಾಗುತ್ತದೆ?

ನೀವು ಅವಧಿ ಮೀರಿ ಅಲ್ಲೇ ಉಳಿದಿದ್ದೀರಿ ಎಂದು ಕಂಪ್ಯೂಟರ್ ಭಾವಿಸುತ್ತದೆ. ಅಮೆರಿಕ ಇದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತದೆ. ಐ-94 ತಾರೀಖು ದಾಟಿ ಉಳಿದರೆ ಆ ವೀಸಾ ತಾನಾಗಿಯೇ ರದ್ದು. 180 ದಿನಕ್ಕಿಂತ ಜಾಸ್ತಿ ಅಕ್ರಮವಾಗಿ ಉಳಿದು ಹೊರಟರೆ ಮೂರು ವರ್ಷ ಒಳಗೆ ಬರುವಂತಿಲ್ಲ, ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಆದರೆ ಹತ್ತು ವರ್ಷ.

ಸರಿಯಾದ ಸಮಯಕ್ಕೆ ಹೊರಟವರು ಭಯಪಡಬೇಕಿಲ್ಲ, ಆದರೆ ತೋರಿಸಬೇಕಾಗಬಹುದು. ಅದಕ್ಕೆ ಬೇಕಾದದ್ದು ಬೋರ್ಡಿಂಗ್ ಪಾಸ್, ಬೆಂಗಳೂರಿನಲ್ಲಿ ಇಳಿದಾಗ ಬಿದ್ದ ಸೀಲ್, ಟಿಕೆಟ್. ಇದರ ಜೊತೆಗೆ ಊರಿಗೆ ಬಂದ ಮೇಲಿನ ಬ್ಯಾಂಕ್ ವ್ಯವಹಾರ, ಆಸ್ಪತ್ರೆ ಬಿಲ್, ಸಂಬಳದ ಚೀಟಿ ಇಂಥವೂ ಉಪಯೋಗಕ್ಕೆ ಬರುತ್ತವೆ. ಈಗ ಬೋರ್ಡಿಂಗ್ ಪಾಸ್ ಫೋನಿನಲ್ಲೇ ಇರುತ್ತದೆ, ವಿಮಾನ ಇಳಿದ ಸ್ವಲ್ಪ ದಿನದಲ್ಲಿ ಆ್ಯಪ್‌ನಿಂದ ಮಾಯವಾಗುತ್ತದೆ. ಆದ್ದರಿಂದ ಹಿರಿಯರಿಗೆ ಚೆಕ್-ಇನ್ ಕೌಂಟರಿನಲ್ಲಿ ಕಾಗದದ ಬೋರ್ಡಿಂಗ್ ಪಾಸ್ ಕೇಳಿ ತೆಗೆದುಕೊಳ್ಳಲು ಹೇಳಿ. ಊರಿಗೆ ಬಂದ ಮೇಲೆ ಅದನ್ನೂ ಸೀಲ್ ಬಿದ್ದ ಪುಟವನ್ನೂ ಫೋಟೋ ತೆಗೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರೆ ಎಲ್ಲರ ಹತ್ತಿರವೂ ಒಂದು ಪ್ರತಿ ಉಳಿಯುತ್ತದೆ.

2023ರ ಹಣಕಾಸು ವರ್ಷದಲ್ಲಿ ವಿಮಾನ, ಹಡಗುಗಳಲ್ಲಿ ಬಂದು ಹೊರಡಬೇಕಿದ್ದವರು ಸುಮಾರು 3.9 ಕೋಟಿ ಎಂದು ಅಮೆರಿಕ ಲೆಕ್ಕ ಹಾಕಿತ್ತು. ಅವಧಿ ಮೀರಿದವರು ಸುಮಾರು 5.65 ಲಕ್ಷ, ಅಂದರೆ ನೂರಕ್ಕೆ ಒಂದೂವರೆಗಿಂತ ಸ್ವಲ್ಪ ಕಡಿಮೆ. ಉಳಿದವರೆಲ್ಲ ಹೇಳಿದ ಸಮಯಕ್ಕೆ ಮನೆಗೆ ಹೋಗಿದ್ದಾರೆ. ಬಂದವರೆಲ್ಲ ಅಲ್ಲೇ ಉಳಿದುಬಿಡುತ್ತಾರೆ ಎಂದು ದೂರುವವರು ಈ ಅಂಕಿ ನೋಡಬೇಕು.

ಕಾರಿನಲ್ಲಿ ಕೆನಡಾಕ್ಕೆ ಹೋದರೆ? ಅಲ್ಲಿ ಏರ್‌ಲೈನೇ ಇಲ್ಲವಲ್ಲ?

ಇಲ್ಲಿ ಎರಡು ದೇಶ ಸೇರಿ ಜಾಣ ಕೆಲಸ ಮಾಡಿವೆ. ನಯಾಗರಾದ ರೇನ್‌ಬೋ ಸೇತುವೆ ದಾಟಿ ನೀವು ಕೆನಡಾದ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೊಟ್ಟಾಗ ಕೆನಡಾಕ್ಕೆ ಅದು ಒಳಬಂದ ದಾಖಲೆ. ಅದನ್ನೇ ಅವರು ಅಮೆರಿಕಕ್ಕೆ ಕಳಿಸುತ್ತಾರೆ, ಅಮೆರಿಕಕ್ಕೆ ಅದು ಹೊರಹೋದ ದಾಖಲೆ. ವಾಪಸ್ ಬರುವಾಗ ಇದೇ ಕೆಲಸ ಉಲ್ಟಾ. ಹೊರಡುವವರಿಗೆಂದು ಒಂದು ಕೌಂಟರನ್ನೂ ಹೊಸದಾಗಿ ಕಟ್ಟದೇ ಎರಡೂ ದೇಶಕ್ಕೆ ಲೆಕ್ಕ ಸಿಕ್ಕಿತು. 2013ರ ಜೂನ್ 30ರಿಂದ ಬೇರೆ ದೇಶದವರಿಗೆ ಮತ್ತು ಕಾಯಂ ನಿವಾಸಿಗಳಿಗೆ ಇದು ಜಾರಿಯಲ್ಲಿದೆ, 2019ರ ಜುಲೈನಿಂದ ತಮ್ಮ ಪ್ರಜೆಗಳದ್ದನ್ನೂ ಹಂಚಿಕೊಳ್ಳುತ್ತಿದ್ದಾರೆ. ವಿಮಾನದಲ್ಲಿ ಹೊರಡುವವರ ಪಟ್ಟಿಯನ್ನು ಏರ್‌ಲೈನ್‌ಗಳಿಂದ ತರಿಸಿಕೊಳ್ಳುವುದನ್ನು ಕೆನಡಾ 2020ರಲ್ಲಿ ಶುರು ಮಾಡಿತು.

ಆದರೆ ನಯಾಗರಾ ನೋಡಿ ವಾಪಸ್ ಬಂದ ಕೂಡಲೇ ಅಮೆರಿಕದಲ್ಲಿ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಹಳೆ ತಾರೀಖಿನ ತನಕ ಮಾತ್ರ ಇರಲು ಬಿಡುವ ಅಧಿಕಾರ ಅಧಿಕಾರಿಗಿದೆ.

ಮೆಕ್ಸಿಕೋ ಕಡೆ ಇಂಥ ಹಂಚಿಕೆ ಇಲ್ಲ. ಕಾಲ್ನಡಿಗೆಯಲ್ಲೋ ಕಾರಿನಲ್ಲೋ ಆ ಕಡೆ ಹೊರಟರೆ ಅಮೆರಿಕದ ಲೆಕ್ಕದಲ್ಲಿ ಹೊರಟದ್ದು ಬೀಳದೇ ಹೋಗಬಹುದು. ಮೆಕ್ಸಿಕೋದ ಒಳಪ್ರವೇಶದ ಸೀಲನ್ನು ಕೇಳಿ ಹಾಕಿಸಿಕೊಳ್ಳಿ.

ಬ್ರಿಟನ್‌ನಲ್ಲಿ ಹೇಗೆ?

ಹೊರಡುವವರ ಪಾಸ್‌ಪೋರ್ಟ್ ನೋಡುವುದನ್ನು ಬ್ರಿಟನ್ 1994 ಮತ್ತು 1998ರಲ್ಲಿ ಎರಡು ಹಂತದಲ್ಲಿ ಬಿಟ್ಟುಬಿಟ್ಟಿತ್ತು. ಆಮೇಲೆ ಎಷ್ಟು ಜನ ದೇಶ ಬಿಟ್ಟರು ಎಂಬ ಅಂದಾಜಿಗೆ ನಿಲ್ದಾಣ, ಬಂದರುಗಳಲ್ಲಿ ಕೆಲವು ಪ್ರಯಾಣಿಕರನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಸಮೀಕ್ಷೆಯನ್ನೇ ನೆಚ್ಚಿಕೊಂಡಿದ್ದರು. ವಲಸೆಯ ಬಗ್ಗೆ ಇಡೀ ದೇಶ ಜಗಳವಾಡುತ್ತಿದ್ದ ಕಾಲದಲ್ಲಿ ಕೈಯಲ್ಲಿದ್ದ ಲೆಕ್ಕ ಅಷ್ಟೇ. 2015ರ ಏಪ್ರಿಲ್ 8ರಿಂದ ಹೊರಡುವವರ ತಪಾಸಣೆ ಮತ್ತೆ ಬಂತು. ಈ ಸಲ ಕೆಲಸ ಏರ್‌ಲೈನ್, ಹಡಗು ಮತ್ತು ರೈಲು ಕಂಪನಿಗಳದ್ದು. ಐರ್ಲೆಂಡಿಗೆ ಹೋಗುವವರು ಈ ಲೆಕ್ಕದಿಂದ ಹೊರಗೆ.

ಯುರೋಪಿನಲ್ಲಿ ಸೀಲ್ ನಿಲ್ಲಿಸಿದ್ದಾರಂತೆ ಹೌದಾ?

ಹೌದು. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟ. ಅಲ್ಲಿ ಮೊದಲು ಒಳಗೆ ಬರುವಾಗ ಒಂದು ಸೀಲ್, ಹೊರಗೆ ಹೋಗುವಾಗ ಇನ್ನೊಂದು ಹಾಕುತ್ತಿದ್ದರು. ಎರಡರಲ್ಲೂ ಪುಟ್ಟ ವಿಮಾನದ ಚಿತ್ರ, ಒಳಗೋ ಹೊರಗೋ ಎಂದು ತೋರಿಸುವ ಬಾಣ, ಮೂಲೆಯಲ್ಲಿ ನಕ್ಷತ್ರಗಳ ನಡುವೆ ದೇಶದ ಅಕ್ಷರ. ಅಧಿಕಾರಿ ಪುಟ ತಿರುಗಿಸಿ, ಅರ್ಧ ಅಳಿಸಿದ ತಾರೀಖು ಓದಿ, 180 ದಿನದಲ್ಲಿ ಇರಬಹುದಾದ 90 ದಿನ ದಾಟಿದೆಯಾ ಎಂದು ಬೆರಳೆಣಿಸಿ ನೋಡಬೇಕಿತ್ತು. 2025ರ ಅಕ್ಟೋಬರ್ 12ರಿಂದ ಇಇಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆ 29 ದೇಶಗಳಲ್ಲಿ ಹಂತಹಂತವಾಗಿ ಶುರುವಾಯಿತು. ಸೀಲಿನ ಜಾಗಕ್ಕೆ ಬಂದದ್ದು ಅದೇ. ಪೂರ್ತಿ ಜಾರಿಗೆ 2026ರ ಏಪ್ರಿಲ್ 10 ಎಂದು ದಿನ ಗೊತ್ತುಮಾಡಿದ್ದರು.

ಮುಖದ ಫೋಟೋ ಎಲ್ಲರದ್ದೂ ತೆಗೆಯುತ್ತಾರೆ. ನಮಗೆ ಷೆಂಗೆನ್ ವೀಸಾ ಬೇಕು, ಅದಕ್ಕೆ ಅರ್ಜಿ ಹಾಕುವಾಗಲೇ ಬೆರಳಚ್ಚು ಕೊಟ್ಟಿರುತ್ತೇವೆ, ಹಾಗಾಗಿ ಗಡಿಯಲ್ಲಿ ಅದನ್ನೇ ಹೊಂದಿಸಿ ನೋಡುತ್ತಾರೆ. 12 ವರ್ಷ ತುಂಬದ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ. ಅಲ್ಲಿನ ವಾಸದ ಪರವಾನಗಿ ಇರುವವರಿಗೆ ಇಇಎಸ್ ಅನ್ವಯಿಸುವುದಿಲ್ಲ.

ಗಮನವಿರಲಿ: ನೀವು ಹೊರಟ ಲೆಕ್ಕ ಬೀಳುವುದು ಕೊನೆಯ ಷೆಂಗೆನ್ ನಿಲ್ದಾಣದಲ್ಲಿ. ಜ್ಯೂರಿಕ್‌ನಲ್ಲಿ ವಿಮಾನ ಹತ್ತಿ ಫ್ರಾಂಕ್‌ಫರ್ಟ್‌ನಲ್ಲಿ ಬೆಂಗಳೂರು ವಿಮಾನಕ್ಕೆ ಬದಲಾಯಿಸಿದರೆ, ಹೊರಬಾಗಿಲು ಫ್ರಾಂಕ್‌ಫರ್ಟ್‌ನದ್ದು. ಅಲ್ಲಿ ಸಾಲು ಉದ್ದವಿರಬಹುದು, ಎರಡು ವಿಮಾನಗಳ ನಡುವೆ ಸಮಯ ಧಾರಾಳವಾಗಿ ಇಟ್ಟುಕೊಳ್ಳಿ. ಬಂದ ದಿನ, ಹೊರಟ ದಿನ ಎರಡೂ 90ರ ಲೆಕ್ಕಕ್ಕೆ ಸೇರುತ್ತವೆ. ಕಂಪ್ಯೂಟರ್ ಎಣಿಸುವಾಗ ಒಂದು ದಿನವೂ ಕಣ್ತಪ್ಪುವುದಿಲ್ಲ.

ಗಲ್ಫ್‌ನಲ್ಲಿ ಹೊರಡಲು ಅನುಮತಿಯೇ ಬೇಕು ಅನ್ನುತ್ತಾರೆ. ಈಗಲೂ ಹಾಗೇ ಇದೆಯಾ?

ದೇಶದಿಂದ ದೇಶಕ್ಕೆ ಬೇರೆ. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಇದು ಹೊಸ ವಿಷಯವೇನಲ್ಲ. ಯಾರು ಹೊರಟರು ಎಂದು ಬರೆದುಕೊಳ್ಳುವುದು ಒಂದು. ಮಾಲೀಕನ ಒಪ್ಪಿಗೆ ಇಲ್ಲದೆ ಹೊರಡಬೇಡ ಅನ್ನುವುದು ಬೇರೆಯೇ. ಎರಡನೆಯದು ದುಡಿಯುವವನನ್ನು ಕಟ್ಟಿಹಾಕುವ ಪದ್ಧತಿ. ಊರಲ್ಲಿ ತಂದೆ ತೀರಿಕೊಂಡಾಗಲೂ ಇನ್ನೊಬ್ಬರ ಸಹಿಗೆ ಕಾಯಬೇಕು ಅಂದರೆ ಅದನ್ನು ಬರೀ ಗಡಿಯ ನಿಯಮ ಎಂದು ಒಪ್ಪಲು ನನ್ನಿಂದ ಆಗದು.

ಕತಾರ್ 2018ರಲ್ಲಿ ಬಹುಪಾಲು ಕಾರ್ಮಿಕರಿಗೆ ಈ ಅನುಮತಿಯನ್ನು ತೆಗೆದುಹಾಕಿತು, 2020ರಲ್ಲಿ ಮನೆಕೆಲಸದವರಿಗೂ ವಿಸ್ತರಿಸಿತು. ಸೌದಿಯಲ್ಲಿ ರಜೆಗೆ ಬರಲು ಎಕ್ಸಿಟ್ ರೀ-ಎಂಟ್ರಿ, ಪೂರ್ತಿ ಬಿಟ್ಟು ಬರಲು ಫೈನಲ್ ಎಕ್ಸಿಟ್ ಬೇಕು. 2021ರ ಮಾರ್ಚ್‌ನಿಂದ ಖಾಸಗಿ ಕಂಪನಿಗಳ ಕಾರ್ಮಿಕರು ಮಾಲೀಕನ ಒಪ್ಪಿಗೆ ಇಲ್ಲದೆ ತಾವೇ ಆನ್‌ಲೈನಿನಲ್ಲಿ ಇದಕ್ಕೆ ಅರ್ಜಿ ಹಾಕಬಹುದು. ರೀ-ಎಂಟ್ರಿಯಲ್ಲಿ ಬಂದು ಹೇಳಿದ ದಿನದೊಳಗೆ ಮರಳದಿದ್ದರೆ, ಹೋದವನು ಬರಲಿಲ್ಲ ಎಂದು ದಾಖಲಾಗುತ್ತದೆ. ಕೆಲಸ ಬಿಡುವ ಯೋಚನೆ ಇದ್ದರೆ ಫೈನಲ್ ಎಕ್ಸಿಟ್ ಹಾಕಿಸಿಕೊಂಡೇ ಬನ್ನಿ. ಕುವೈತ್ ಮಾತ್ರ ಹಿಂದಕ್ಕೆ ಹೆಜ್ಜೆ ಇಟ್ಟಿತು. 2025ರ ಜುಲೈ 1ರಿಂದ ಖಾಸಗಿ ವಲಯದ ವಿದೇಶಿ ಕಾರ್ಮಿಕರು ಹೊರಡುವ ಮೊದಲು ಎಕ್ಸಿಟ್ ಪರ್ಮಿಟ್ ಪಡೆಯಬೇಕು, ಅದಕ್ಕೆ ಕಂಪನಿ ಒಪ್ಪಬೇಕು. ಟಿಕೆಟ್ ಮಾಡುವ ಮೊದಲೇ ಇದನ್ನು ಮುಗಿಸಿಕೊಳ್ಳಿ.

ಭಾರತದಿಂದ ಹೊರಡುವಾಗ ನಮ್ಮವರು ಏನು ನೋಡುತ್ತಾರೆ?

ನಮ್ಮಲ್ಲಿ ಕೌಂಟರ್ ಇದೆ. ಗೃಹ ಇಲಾಖೆಯ ಬ್ಯೂರೋ ಆಫ್ ಇಮಿಗ್ರೇಷನ್ ಅಧಿಕಾರಿ ಪಾಸ್‌ಪೋರ್ಟ್, ಹೋಗುವ ದೇಶದ ವೀಸಾ, ಬೋರ್ಡಿಂಗ್ ಪಾಸ್ ನೋಡಿ, ಕಂಪ್ಯೂಟರಿನಲ್ಲಿ ಹೆಸರು ಹುಡುಕಿ ಸೀಲ್ ಹಾಕುತ್ತಾರೆ. ಹೊರಡುವ ಮುನ್ನ ತುಂಬುತ್ತಿದ್ದ ಕಾರ್ಡ್ 2017ರ ಜುಲೈ 1ರಿಂದ ಇಲ್ಲ. ಇದಲ್ಲದೆ 2022ರ ನಿಯಮದ ಪ್ರಕಾರ ಏರ್‌ಲೈನ್‌ಗಳು ಟಿಕೆಟ್ ಬುಕಿಂಗ್ ವಿವರವನ್ನು ಕಸ್ಟಮ್ಸ್ ಇಲಾಖೆಗೂ ಕಳಿಸಬೇಕು.

ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಬೇಕು) ಎಂದಿದ್ದರೆ, ಅಂದರೆ ಸಾಮಾನ್ಯವಾಗಿ ಹತ್ತನೇ ತರಗತಿ ಪಾಸಾಗದವರಾದರೆ, ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. 1983ರ ಕಾನೂನು ಇದು. ಸುಮ್ನೆ ತೊಂದರೆ ಕೊಡಲು ಮಾಡಿದ್ದಲ್ಲ, ಮೋಸದ ಏಜೆಂಟರಿಂದ ಕಾಪಾಡಲು ಮಾಡಿದ್ದು. ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸಕ್ಕೆ ಬದಲಾಯಿಸೋಣ ಅನ್ನುವ ಏಜೆಂಟರ ಮಾತು ಕೇಳಿದರೆ ಈ ರಕ್ಷಣೆ ಕೈತಪ್ಪುತ್ತದೆ.

ಲುಕ್ ಔಟ್ ಸುತ್ತೋಲೆ ಅಂದರೇನು?

ಪೊಲೀಸ್, ಸಿಬಿಐ, ಇ.ಡಿ. ಮುಂತಾದವರು ಇಂಥವರು ಗಡಿಗೆ ಬಂದರೆ ಹೀಗೆ ಮಾಡಿ ಎಂದು ಇಮಿಗ್ರೇಷನ್‌ಗೆ ಕೊಡುವ ಸೂಚನೆ. ಎಲ್ಲ ಸುತ್ತೋಲೆಯೂ ತಡೆಯಲು ಅಲ್ಲ. ಕೆಲವು ಬರೀ ತಿಳಿಸಿ ಎನ್ನುತ್ತವೆ. 2016ರ ಮಾರ್ಚ್ 2ರಂದು ವಿಜಯ್ ಮಲ್ಯ ದೆಹಲಿಯಿಂದ ಲಂಡನ್ನಿಗೆ ಹೊರಟಾಗ ಅವರ ಹೆಸರಿನಲ್ಲಿ ಸುತ್ತೋಲೆ ಇತ್ತು. ಆದರೆ ಮೊದಲು ತಡೆಯಿರಿ ಎಂದಿದ್ದದ್ದನ್ನು ಅಷ್ಟರಲ್ಲಿ ತಿಳಿಸಿ ಎಂದು ಬದಲಾಯಿಸಲಾಗಿತ್ತು.

ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ತಡೆದರೆ ಹೈಕೋರ್ಟಿಗೆ ಹೋಗುವ ದಾರಿ ಇದೆ. ಸರ್ಕಾರಿ ಬ್ಯಾಂಕುಗಳ ಮುಖ್ಯಸ್ಥರಿಗೆ 2018ರಲ್ಲಿ ಕೊಟ್ಟಿದ್ದ ಇಂಥ ಅಧಿಕಾರವನ್ನು ಬಾಂಬೆ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದು ಮಾಡಿತು.

ಡಿಜಿಯಾತ್ರಾ ಇದ್ದರೆ ಇಮಿಗ್ರೇಷನ್ ಸಾಲು ತಪ್ಪುತ್ತದಾ?

ಇಲ್ಲ. ಮುಖ ತೋರಿಸಿ ನಿಲ್ದಾಣದೊಳಗೆ ಹೋಗುವ ಡಿಜಿಯಾತ್ರಾ ಒಳನಾಡಿನ ಪ್ರಯಾಣಕ್ಕೆ ಶುರುವಾದದ್ದು, ಇಮಿಗ್ರೇಷನ್‌ಗೂ ಅದಕ್ಕೂ ಸಂಬಂಧವಿಲ್ಲ. ಇಮಿಗ್ರೇಷನ್‌ನ ಬೇಗ ದಾಟುವ ದಾರಿ ಬೇರೆ ಇದೆ, ಹೆಸರು ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಗಿ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಭಾರತೀಯರು ಮತ್ತು ಒಸಿಐ ಕಾರ್ಡ್ ಇರುವವರು (ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರು) ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಬೆರಳಚ್ಚು ಮತ್ತು ಮುಖದ ಫೋಟೋ ಕೊಟ್ಟರೆ ಇ-ಗೇಟ್ ಮೂಲಕ ಹೋಗಬಹುದು.

ನೇಪಾಳಕ್ಕೆ ಹೋದರೆ ದಾಖಲೆ ಆಗುತ್ತದಾ?

ರಸ್ತೆಯಲ್ಲಿ ಸುನೌಲಿ ಅಥವಾ ರಕ್ಸೌಲ್ ದಾಟಿ ಹೋದರೆ ಭಾರತೀಯರಿಗೆ ಸೀಲೂ ಇಲ್ಲ, ಹೊರಟ ದಾಖಲೆಯೂ ಇಲ್ಲ. 1950ರ ಒಪ್ಪಂದದ ತೆರೆದ ಗಡಿ ಅದು. ವಿಮಾನದಲ್ಲಿ ಹೋದರೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ತೋರಿಸಿ ಇಮಿಗ್ರೇಷನ್ ದಾಟಲೇಬೇಕು.

ನಮ್ಮ ಫೋಟೋ, ವಿವರ ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ?

ಇಲ್ಲಿ ಅಜಗಜಾಂತರ ಇದೆ. ಯುರೋಪಿನ ಇಇಎಸ್ ಮೂರು ವರ್ಷ ಇಡುತ್ತದೆ, ಹೊರಟ ದಾಖಲೆ ಸಿಗದಿದ್ದವರದ್ದು ಐದು ವರ್ಷ. ಭಾರತದ ಕಸ್ಟಮ್ಸ್ ಬಳಿ ಬುಕಿಂಗ್ ವಿವರ ಐದು ವರ್ಷ. ಅಮೆರಿಕ ತನ್ನ ಪ್ರಜೆಗಳ ಗೇಟಿನ ಫೋಟೋವನ್ನು 12 ಗಂಟೆಯೊಳಗೆ ಅಳಿಸುತ್ತದೆ, ನಮ್ಮಂಥವರದ್ದನ್ನು 75 ವರ್ಷದ ತನಕ ಇಟ್ಟುಕೊಳ್ಳಬಹುದು. ಅಜ್ಜಿಯ ಕಂಕುಳಲ್ಲಿ ಹೊರಟ ಕೂಸಿನ ಮುಖ ಅದು ಮುದಿಯಾಗುವವರೆಗೂ ಅಲ್ಲಿರುತ್ತದೆ. ಇಷ್ಟು ಕಾಲ ಯಾಕೆ ಬೇಕು ಎಂದು ಕೇಳುವ ಹಕ್ಕು ಪ್ರಯಾಣಿಕನಿಗೂ ಇರಬೇಕಿತ್ತು.

ಹೊರಟ ತಾರೀಖಿಗೂ ಇನ್‌ಕಮ್ ಟ್ಯಾಕ್ಸಿಗೂ ಏನು ಸಂಬಂಧ?

ಒಂದು ಹಣಕಾಸು ವರ್ಷದಲ್ಲಿ ನೀವು ಭಾರತದಲ್ಲಿ ಎಷ್ಟು ದಿನ ಇದ್ದಿರಿ ಎಂಬುದರ ಮೇಲೆ ಎನ್‌ಆರ್‌ಐ ಹೌದೋ ಅಲ್ಲವೋ ತೀರ್ಮಾನವಾಗುತ್ತದೆ. ವಿದೇಶಕ್ಕೆ ಕೆಲಸಕ್ಕೆಂದು ಹೊರಟ ಭಾರತೀಯರಿಗೆ 182 ದಿನದ ಗೆರೆ ಮುಖ್ಯ. ಒಂದೆರಡು ದಿನದಲ್ಲಿ ಅತ್ತಿತ್ತ ಆದರೆ ವಿದೇಶದ ಸಂಬಳಕ್ಕೂ ಇಲ್ಲಿ ತೆರಿಗೆ ಕಟ್ಟಬೇಕಾಗಿ ಬರಬಹುದು.

ಬೆಂಗಳೂರಿನಿಂದ ಹೊರಡುವ ಎಷ್ಟೋ ವಿಮಾನಗಳು ಮಧ್ಯರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಇಮಿಗ್ರೇಷನ್ ದಾಟುವಾಗ ರಾತ್ರಿ ಹನ್ನೊಂದು, ವಿಮಾನ ಏರುವಾಗ ಬೆಳಗಿನ ಜಾವ ಎರಡು. ಸೀಲಿನಲ್ಲಿ ಒಂದು ತಾರೀಖು, ಬೋರ್ಡಿಂಗ್ ಪಾಸಿನಲ್ಲಿ ಮಾರನೇ ದಿನದ್ದು. ಲೆಕ್ಕ 182ರ ಆಸುಪಾಸಿನಲ್ಲಿದ್ದರೆ ಎರಡನ್ನೂ ನಿಮ್ಮ ಆಡಿಟರ್‌ಗೆ ತೋರಿಸಿ. ಇ-ಗೇಟ್‌ನಲ್ಲಿ ಹೋಗುವವರು ಬೋರ್ಡಿಂಗ್ ಪಾಸ್ ಬಗ್ಗೆ ಇನ್ನೂ ಜಾಗ್ರತೆ ಮಾಡಬೇಕು. ಅಲ್ಲಿ ಅಧಿಕಾರಿ ಪುಟ ತಿರುಗಿಸಿ ಸೀಲ್ ಹಾಕುವ ಕೌಂಟರೇ ಇಲ್ಲ. ಮೂಲೆ ಕತ್ತರಿಸಿ ರದ್ದು ಮಾಡಿ ಕೊಟ್ಟ ಹಳೆ ಪಾಸ್‌ಪೋರ್ಟುಗಳನ್ನೂ ಎಸೆಯಬೇಡಿ. ನಾಲ್ಕೈದು ವರ್ಷ ಹಿಂದಿನ ದಿನಗಳ ಲೆಕ್ಕವನ್ನು ತೆರಿಗೆ ಇಲಾಖೆ ಕೇಳಿದರೆ, ಸೀಲ್‌ಗಳಿರುವುದು ಅವುಗಳಲ್ಲೇ.